ಆಯಿಲ್‌ಗೂ ಒಂದು ರೇಡಿಯೇಟರ್: ಕೂಲರ್ ಕೂರಿಸುವುದು, ಫಿಲ್ಟರ್ ಜಾಗ ಬದಲಿಸುವುದು ಹೇಗೆ?

ಕಾರಿನಲ್ಲಿ ನೀರಿನ ಬಿಸಿ ತೋರಿಸುವ ಮುಳ್ಳು ಇರುತ್ತದೆ. ಆಯಿಲ್ ಎಷ್ಟು ಕಾದಿದೆ ಎಂದು ಹೇಳುವ ಮುಳ್ಳು ಬಹುತೇಕ ಕಾರುಗಳಲ್ಲಿ ಇಲ್ಲ. ನೀರಿನ ಮುಳ್ಳು ನಡುವೆ ನಿಂತಿದ್ದರೆ ಎಲ್ಲ ಸರಿ ಇದೆ ಅಂದುಕೊಂಡು ಓಡಿಸುತ್ತೇವೆ, ಅಲ್ವಾ? ಆದರೆ ಭಾರ ಹೇರಿಕೊಂಡು ಉದ್ದದ ಏರು ಹತ್ತುವಾಗ, ಹಿಂದೆ ಟ್ರೇಲರ್ ಎಳೆಯುವಾಗ, ರೇಸ್ ಟ್ರ್ಯಾಕಿನಲ್ಲಿ ಸುತ್ತು ಹಾಕುವಾಗ ಕಥೆಯೇ ಬೇರೆ. ನೀರು 90 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇರುತ್ತದೆ. ಅದೇ ಹೊತ್ತಿಗೆ ಆಯಿಲ್ 130 ದಾಟಿರಬಹುದು. ಬೇರಿಂಗ್‌ಗಳ ಉಜ್ಜಾಟದ ಬಿಸಿ, ಪಿಸ್ಟನ್ನಿನ ಅಡಿಭಾಗದ ಬಿಸಿ, ಟರ್ಬೊ ಇದ್ದರೆ ಅದರ ಬಿಸಿ, ಇಷ್ಟನ್ನೂ ಹೊರುವುದು ಆಯಿಲ್. ಅತಿಯಾಗಿ ಕಾದಾಗ ಅದು ತೆಳುವಾಗುತ್ತದೆ. ಪ್ರೆಶರ್ ಇಳಿಯುತ್ತದೆ. ಆಯಿಲ್ ಬೇಗ ಹಾಳಾಗುತ್ತದೆ.

ಹಾಗೆಂದು ಎಲ್ಲ ಕಾರಿಗೂ ಆಯಿಲ್ ತಣಿಸುವ ಚಿಕ್ಕ ರೇಡಿಯೇಟರ್, ಅಂದರೆ ಕೂಲರ್, ಬೇಕಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಆಯಿಲ್ ಸರಿಯಾಗಿ ಕಾಯುವುದೂ ಅಷ್ಟೇ ಮುಖ್ಯ. ಇಂಜಿನ್ ಓಡುವಾಗ ಒಳಗೆ ನೀರಿನ ಹಬೆ ಸೇರುತ್ತದೆ, ಸ್ವಲ್ಪ ಪೆಟ್ರೋಲೂ ಇಳಿಯುತ್ತದೆ. ಆಯಿಲ್ ಚೆನ್ನಾಗಿ ಕಾದರೆ ಮಾತ್ರ ಅವು ಆವಿಯಾಗಿ ಹೋಗುತ್ತವೆ. ದಿನಾ ಐದಾರು ಕಿಲೋಮೀಟರ್ ಓಡುವ ಕಾರಿಗೆ ಕೂಲರ್ ಹಾಕಿದರೆ ಆಯಿಲ್ ತಣ್ಣಗೇ ಉಳಿದು, ಆಯಿಲ್ ಹಾಕುವ ಮುಚ್ಚಳದ ಅಡಿಯಲ್ಲಿ ಮಜ್ಜಿಗೆ ಬಣ್ಣದ ಜಿಡ್ಡು ಕೂರುತ್ತದೆ.

ಹಾಗಾಗಿ ಮೊದಲ ಕೆಲಸ ಅಳೆಯುವುದು. ಆಯಿಲ್ ಟೆಂಪರೇಚರ್ ಗೇಜ್ ಹಾಕಿಸಿ, ಕಾರಿಗೆ ಅತಿ ಕಷ್ಟದ ಓಟ ಯಾವುದೋ ಅದರಲ್ಲೇ ನೋಡಿ. 90ರಿಂದ 110 ಡಿಗ್ರಿ ಇದ್ದರೆ ಇಂಜಿನ್ ಸುಖವಾಗಿದೆ, ಸುಮ್ನೆ ಬಿಟ್ಟುಬಿಡಿ. ಮತ್ತೆ ಮತ್ತೆ 120 ದಾಟಿ ಮೇಲಕ್ಕೇ ಏರುತ್ತಿದ್ದರೆ ಕೂಲರ್ ಹಾಕಲು ಕಾರಣ ಸಿಕ್ಕಿತು. ಕೆಲವು ಕಾರುಗಳಲ್ಲಿ ಫಿಲ್ಟರ್ ಬುಡದಲ್ಲೇ ನೀರಿನಿಂದ ಆಯಿಲ್ ತಣಿಸುವ ಚಿಕ್ಕ ಪೆಟ್ಟಿಗೆ ಇರುತ್ತದೆ. ಅದು ಇದೆಯಾ ಎಂದೂ ನೋಡಿಕೊಳ್ಳಿ.

ಫಿಲ್ಟರ್ ಯಾಕೆ ಜಾಗ ಬಿಡಬೇಕು?

ಕೂಲರ್‌ಗೆ ಆಯಿಲ್ ಕಳಿಸುವ ಸುಲಭದ ದಾರಿ ಸ್ಯಾಂಡ್‌ವಿಚ್ ಪ್ಲೇಟ್. ಇಂಜಿನ್ ಬ್ಲಾಕ್ ಮತ್ತು ಫಿಲ್ಟರ್ ನಡುವೆ ಕೂರುವ ದಪ್ಪ ಬಿಲ್ಲೆ ಅದು. ಪಕ್ಕದಲ್ಲಿ ಎರಡು ತೂತು, ಒಂದರಿಂದ ಆಯಿಲ್ ಹೊರಗೆ, ಇನ್ನೊಂದರಿಂದ ಒಳಗೆ. ಫಿಲ್ಟರ್ ಸುತ್ತ ಜಾಗ ಇದ್ದರೆ ಇದೇ ಸಾಕು. ಆದರೆ ಪ್ಲೇಟಿನ ದಪ್ಪದಷ್ಟು ಫಿಲ್ಟರ್ ಮುಂದಕ್ಕೆ ಬರುತ್ತದೆ. ಆಗ ಅದು ಕಾರಿನ ಅಡಿಯ ಅಡ್ಡ ತೊಲೆಯಾದ ಕ್ರಾಸ್‌ಮೆಂಬರ್‌ಗೋ ಸ್ಟೀರಿಂಗ್ ರ್‍ಯಾಕಿಗೋ ತಾಗಬಹುದು. ಇನ್ನು ಕೆಲವು ಕಾರುಗಳಲ್ಲಿ ಫಿಲ್ಟರ್ ಸೈಲೆನ್ಸರ್ ಪೈಪಿನ ಮೇಲೇ ಇದ್ದು, ಪ್ರತಿ ಸಲ ಬಿಚ್ಚುವಾಗಲೂ ಆಯಿಲ್ ಅದರ ಮೇಲೆ ಸುರಿಯುತ್ತದೆ. ಇಂಥ ಕಡೆ ಫಿಲ್ಟರನ್ನೇ ಕೈಗೆ ಸಿಗುವ ಜಾಗಕ್ಕೆ ತರುವುದು ಒಳ್ಳೆಯದು. ಹಳೆಯ ಜಾಗದಲ್ಲಿ ಅಡಾಪ್ಟರ್, ಹೊಸ ಜಾಗದಲ್ಲಿ ಫಿಲ್ಟರ್ ತಿರುಗಿಸಿ ಕೂರಿಸುವ ಫಿಲ್ಟರ್ ಹೆಡ್, ನಡುವೆ ಹೋಸ್‌ಗಳು.

ಸಾಮಾನು ತರುವಾಗ

ಥ್ರೆಡ್ ವಿಷಯದಲ್ಲಿ ಅಂದಾಜು ಬೇಡ. ಫಿಲ್ಟರ್‌ಗಳಲ್ಲಿ ಎಂ20 ಗುಣಿಸು 1.5 (ಸುತ್ತುಗಳ ನಡುವೆ 1.5 ಮಿಲಿಮೀಟರ್) ಮತ್ತು ಮುಕ್ಕಾಲು ಇಂಚಿನ 16 ಥ್ರೆಡ್ (ಇಂಚಿಗೆ 16 ಸುತ್ತು), ಎರಡೂ ಬಳಕೆಯಲ್ಲಿವೆ. ಒಂದರ ಅಡ್ಡಳತೆ 20 ಮಿಲಿಮೀಟರ್, ಇನ್ನೊಂದರದು 19.05. ಎಂ20 ಫಿಲ್ಟರನ್ನು ಮುಕ್ಕಾಲು ಇಂಚಿನ ಸ್ಟಡ್‌ಗೆ ತಿರುಗಿಸಿದರೆ ಹಿಡಿದಂತೆ ಅನ್ನಿಸುತ್ತದೆ. ಪ್ರೆಶರ್ ಬಂದಾಗ ಕಿತ್ತು ಬರಬಹುದು. ಹಳೆಯ ಫಿಲ್ಟರ್ ನಂಬರ್ ನೋಡಿಯೇ ಅಡಾಪ್ಟರ್ ಆರಿಸಿ.

ಹೋಸ್ ಅಳತೆ ಎಎನ್ ಎಂಬ ಅಮೆರಿಕನ್ ಲೆಕ್ಕದಲ್ಲಿ ಬರುತ್ತದೆ. ಎಎನ್ 10 ಅಂದರೆ ಇಂಚಿನ ಹದಿನಾರು ಭಾಗದಲ್ಲಿ ಹತ್ತು. ಅದು ಲೋಹದ ಕೊಳವೆಯ ಹೊರ ಅಳತೆ, ಹೋಸಿನ ಒಳ ಅಳತೆ ಸ್ವಲ್ಪ ಕಡಿಮೆ. ಹೆಚ್ಚಿನ ಕಾರುಗಳಿಗೆ ಇದೇ ಸರಿ. ತೀರಾ ಸಣ್ಣ ಹೋಸ್ ಹಾಕಿದರೆ ಪ್ರೆಶರ್ ದಾರಿಯಲ್ಲೇ ಕಳೆದುಹೋಗುತ್ತದೆ. ಕೂಲರ್‌ಗಳನ್ನು ಒಳಗೆ ಆಯಿಲ್ ಹರಿಯುವ ದಾರಿಗಳ ಸಾಲಿನ ಲೆಕ್ಕದಲ್ಲಿ ಮಾರುತ್ತಾರೆ: 13, 16, 19, 25 ಹೀಗೆ. ದೊಡ್ಡದೇ ಒಳ್ಳೆಯದು ಅಂತಲ್ಲ. ರಸ್ತೆಯಲ್ಲಿ ಓಡುವ ಸಾಧಾರಣ ಇಂಜಿನ್‌ಗೆ 13 ಅಥವಾ 16 ಸಾಲು ಸಾಮಾನ್ಯವಾಗಿ ಸಾಕಾಗುತ್ತದೆ.

ಒಂದನ್ನು ಮಾತ್ರ ಬಿಡಲೇಬೇಡಿ, ಥರ್ಮೋಸ್ಟ್ಯಾಟ್. ಆಯಿಲ್ 80ರಿಂದ 90 ಡಿಗ್ರಿ ಹತ್ತಿರ ಬರುವವರೆಗೆ ಇದು ಬಹುಪಾಲು ಆಯಿಲನ್ನು ಕೂಲರ್ ಕಡೆಗೆ ಬಿಡುವುದಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಗಟ್ಟಿ ಆಯಿಲ್ ಕೂಲರಿನ ಸಣ್ಣ ದಾರಿಗಳಲ್ಲಿ ನುಗ್ಗಬೇಕಾದ ಕಷ್ಟವೂ ತಪ್ಪುತ್ತದೆ.

ಕೆಲವು ಇಂಜಿನ್‌ಗಳಲ್ಲಿ ಬೈಪಾಸ್ ವಾಲ್ವ್ ಫಿಲ್ಟರಿನ ಒಳಗಲ್ಲ, ಬ್ಲಾಕಿನಲ್ಲೇ ಇರುತ್ತದೆ. ಫಿಲ್ಟರ್ ಕಟ್ಟಿಕೊಂಡರೂ ಇಂಜಿನ್ ಒಣಗದಿರಲಿ ಎಂದು ಇಟ್ಟ ವಾಲ್ವ್ ಅದು. ಉದ್ದದ ಹೋಸ್, ಕೂಲರ್ ಎಲ್ಲ ಸೇರಿಸಿದಾಗ ಆಯಿಲ್‌ಗೆ ಆಗುವ ತಡೆ ಜಾಸ್ತಿಯಾಗಿ ಆ ವಾಲ್ವ್ ಸುಮ್ಮನೆ ತೆರೆದುಕೊಳ್ಳಬಹುದು. ಆಗ ಆಯಿಲ್ ಫಿಲ್ಟರ್‌ಗೂ ಹೋಗದು, ಕೂಲರ್‌ಗೂ ಹೋಗದು. ನಿಮ್ಮ ಇಂಜಿನ್‌ಗೆಂದೇ ಮಾಡಿದ ಕಿಟ್ ಸಿಕ್ಕರೆ ಅದನ್ನೇ ತನ್ನಿ.

ಆಯಿಲ್ ಹೋಗುವ ದಾರಿ

ಸ್ಪ್ಯಾನರ್ ಹಿಡಿಯುವ ಮೊದಲು ಒಂದು ಹಾಳೆಯಲ್ಲಿ ದಾರಿ ಬರೆದುಕೊಳ್ಳಿ. ಸಾಮಾನ್ಯವಾಗಿ ಬ್ಲಾಕಿನಿಂದ ಆಯಿಲ್ ಫಿಲ್ಟರಿನ ಅಂಚಿನ ಸಣ್ಣ ತೂತುಗಳಿಗೆ ಹೋಗುತ್ತದೆ, ಸೋಸಿದ ಆಯಿಲ್ ನಡುವಿನ ದೊಡ್ಡ ತೂತಿನಿಂದ ವಾಪಸ್ ಬರುತ್ತದೆ. ಇದನ್ನು ತಿರುಗುಮುರುಗು ಮಾಡಿದರೆ ಫಿಲ್ಟರಿನ ಒಳಗಿರುವ ರಬ್ಬರ್ ವಾಲ್ವ್ ಬಾಗಿಲು ಹಾಕಿಬಿಡುತ್ತದೆ. ಇಂಜಿನ್‌ಗೆ ಆಯಿಲೇ ಸಿಗುವುದಿಲ್ಲ. ಒಂದು ವರ್ಕ್‌ಶಾಪಿನಲ್ಲಿ ಹೀಗೆ ಉಲ್ಟಾ ಜೋಡಿಸಿದ ಕಾರನ್ನು ನಾನು ಕಣ್ಣಾರೆ ನೋಡಿದ್ದೇನೆ. ಸ್ಟಾರ್ಟ್ ಮಾಡುವ ಮೊದಲು ಪ್ರೆಶರ್ ನೋಡಿದ್ದರಿಂದ ಇಂಜಿನ್ ಉಳಿಯಿತು. ಅಡಾಪ್ಟರ್ ಮತ್ತು ಹೆಡ್ ಮೇಲಿನ ಬಾಣದ ಗುರುತು ನೋಡಿ. ಗುರುತು ಇಲ್ಲದಿದ್ದರೆ ತೂತಿಗೆ ಗಾಳಿ ಊದಿ, ಎಲ್ಲಿ ಹೊರಬರುತ್ತದೆ ಎಂದು ಪತ್ತೆ ಮಾಡಿ.

ಕೂಲರ್ ಮೊದಲೋ ಫಿಲ್ಟರ್ ಮೊದಲೋ? ಬಲ್ಲವರಲ್ಲೂ ಇಲ್ಲಿ ಎರಡು ಮತ ಇದೆ. ಮನೆಯಲ್ಲೇ ಹೋಸ್ ಕತ್ತರಿಸಿ ಜೋಡಿಸುವವರಿಗೆ ನಾನು ಹೇಳುವುದು ಇಂಜಿನ್, ಥರ್ಮೋಸ್ಟ್ಯಾಟ್ ಮತ್ತು ಕೂಲರ್, ಆಮೇಲೆ ಫಿಲ್ಟರ್, ಕೊನೆಗೆ ಮತ್ತೆ ಇಂಜಿನ್. ಕೂಲರಿನಲ್ಲಿ ರಬ್ಬರ್ ಚೂರು ಉಳಿದಿದ್ದರೂ ಬೇರಿಂಗ್ ತಲುಪುವ ಮೊದಲು ಫಿಲ್ಟರ್ ಹಿಡಿಯುತ್ತದೆ. ಫಿಲ್ಟರ್ ಆದಮೇಲೆ ಇಂಜಿನ್‌ಗೆ ಬರುವ ಕೊನೆಯ ಹೋಸ್ ಮಾತ್ರ ಅತಿ ಶುಚಿಯಾಗಿರಬೇಕು.

ಜೋಡಿಸುವುದು

ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬರೀ ಜ್ಯಾಕ್ ನಂಬಿ ಅಡಿಗೆ ಹೋಗಬೇಡಿ. ಆಯಿಲ್ ಬಗ್ಗಿಸಿ, ಫಿಲ್ಟರ್ ಬಿಚ್ಚಿ. ಹಳೆಯ ಫಿಲ್ಟರಿನ ರಬ್ಬರ್ ರಿಂಗ್ ಬ್ಲಾಕಿಗೇ ಅಂಟಿಕೊಂಡಿರಬಹುದು, ಬೆರಳಾಡಿಸಿ ನೋಡಿ. ಅದರ ಮೇಲೆ ಇನ್ನೊಂದು ರಿಂಗ್ ಕೂತರೆ ಪ್ರೆಶರ್‌ಗೆ ಚಿಮ್ಮಿ ಹೋಗುತ್ತದೆ. ಬ್ಲಾಕಿನ ಮುಖ ಒರೆಸಿ, ಹೊಸ ಓ-ರಿಂಗ್‌ಗೆ ಆಯಿಲ್ ಸವರಿ, ಅಡಾಪ್ಟರ್ ಕೂರಿಸಿ. ನಡುವಿನ ಬೋಲ್ಟನ್ನು ತಯಾರಕರು ಹೇಳಿದ ಟಾರ್ಕಿಗೆ ಬಿಗಿ ಮಾಡಿ. ಹೋಸ್ ತುದಿಯ ಎಎನ್ ಫಿಟ್ಟಿಂಗಿಗೆ ಟೇಪ್ ಸುತ್ತಬೇಡಿ. ಅದು 37 ಡಿಗ್ರಿ ಇಳಿಜಾರಿನ ಲೋಹದ ಮುಖಗಳ ಮೇಲೇ ಸೀಲ್ ಆಗುತ್ತದೆ. ಟೇಪಿನ ಚೂರು ಕಿತ್ತು ಒಳಗೆ ಹೋದರೆ ಸಣ್ಣ ಆಯಿಲ್ ತೂತು ಮುಚ್ಚಿಕೊಳ್ಳುತ್ತದೆ.

ಕೂಲರಿನ ಜಾಗ ರೇಡಿಯೇಟರ್ ಮುಂದೆ, ಬಂಪರಿನಿಂದ ಗಾಳಿ ನೇರ ಬರುವ ಕಡೆ. ಗಾಳಿ ಬಂದರೆ ಸಾಲದು, ಹಿಂದಿನಿಂದ ಹೊರಗೂ ಹೋಗಬೇಕು. ಫಿಟ್ಟಿಂಗ್‌ಗಳು ಮೇಲಕ್ಕೆ ಇಲ್ಲವೇ ಪಕ್ಕಕ್ಕೆ ಇರಲಿ. ಕೆಳಮುಖವಾಗಿದ್ದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಬಾಡಿಗೆ ನೇರವಾಗಿ ಬೋಲ್ಟ್ ಮಾಡದೆ ರಬ್ಬರ್ ಬುಷ್ ಹಾಕಿ. ಅದುರಾಟಕ್ಕೆ ಅಲ್ಯೂಮಿನಿಯಂ ಕಿವಿಗಳು ಬಿರಿಯುತ್ತವೆ. ಫಿಲ್ಟರ್ ಹೆಡ್‌ಗೆ ಬಾಡಿಯ ಗಟ್ಟಿ ಭಾಗ ಬೇಕು. ಫಿಲ್ಟರ್ ಬಾಯಿ ಮೇಲಾಗಿ ಹೆಡ್‌ನಿಂದ ಕೆಳಕ್ಕೆ ತೂಗಲಿ, ಅಡಿಯಲ್ಲಿ ಅದನ್ನು ಬಿಚ್ಚಿ ತೆಗೆಯುವಷ್ಟು ಜಾಗ ಇರಲಿ.

ಇನ್ನು ಹೋಸ್. ಇಲ್ಲಿ ಅವಸರ ಬೇಡ. ಉದ್ದವನ್ನು ದಾರದಿಂದ ಅಳೆಯಿರಿ. ಇಂಜಿನ್ ಓಡುವಾಗ ಅಲುಗಾಡುತ್ತದೆ, ಹಾಗಾಗಿ ಸ್ವಲ್ಪ ಸಡಿಲ ಬಿಡಿ. ಕತ್ತರಿಸುವ ಕಡೆ ಟೇಪನ್ನು ಬಿಗಿಯಾಗಿ ಸುತ್ತಿ, ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡಿನಿಂದ ನೇರ ಕುಯ್ಯಿರಿ. ಟೇಪ್ ಇಲ್ಲದಿದ್ದರೆ ಸ್ಟೀಲ್ ಎಳೆಗಳು ಬಿಚ್ಚಿಕೊಂಡು ಬೆರಳಿಗೆ ಚುಚ್ಚುತ್ತವೆ. ಹೋಸನ್ನು ಫಿಟ್ಟಿಂಗಿನ ಹೊರ ಭಾಗವಾದ ಸಾಕೆಟ್ಟಿಗೆ ಒತ್ತಿ, ಹೋಸ್ ಎಲ್ಲಿವರೆಗೆ ಬಂದಿದೆಯೋ ಅಲ್ಲಿ ಹೊರಗೆ ಗುರುತು ಹಾಕಿ. ಒಳ ಭಾಗವಾದ ನಿಪ್ಪಲ್‌ಗೆ ಆಯಿಲ್ ಹಚ್ಚಿ ತಿರುಗಿಸುವಾಗ ಹೋಸ್ ಆ ಗುರುತಿನಿಂದ ಹಿಂದೆ ಸರಿದಿದ್ದರೆ ಬಿಚ್ಚಿ ಮತ್ತೆ ಮಾಡಿ. ಆಮೇಲೆ ಒಳಗಡೆ ಸೀಮೆಎಣ್ಣೆಯಿಂದ ತೊಳೆದು, ಗಾಳಿ ಹೊಡೆದು, ಎರಡೂ ತುದಿ ಮುಚ್ಚಿಡಿ.

ಸ್ಟೀಲ್ ಹೆಣಿಗೆಯ ಹೋಸ್ ನೋಡಲು ಚೆಂದ, ಆದರೆ ತಾಗಿದ್ದನ್ನೆಲ್ಲ ಅರದಂತೆ ಉಜ್ಜುತ್ತದೆ. ನಾನು ಮೊದಲ ಸಲ ಮಾಡಿದಾಗ ಒಂದು ಹೋಸ್ ಎಸಿ ಪೈಪಿಗೆ ತಾಗಿಕೊಂಡಿತ್ತು. ಕೆಲವೇ ವಾರಗಳಲ್ಲಿ ಪೈಪಿನ ಮೇಲೆ ಉಗುರು ಸಿಕ್ಕುವಷ್ಟು ಆಳದ ಗೀರು ಬಿದ್ದಿತ್ತು. ಈಗ ರಬ್ಬರ್ ಒಳಪದರ ಇರುವ ಕ್ಲಿಪ್ ಇಲ್ಲದೆ ಒಂದು ಹೋಸನ್ನೂ ಬಿಡುವುದಿಲ್ಲ. ತಗಡಿನ ತೂತಿನಲ್ಲಿ ತೂರಿಸುವ ಕಡೆ ರಬ್ಬರ್ ಬಳೆ, ಅಂದರೆ ಗ್ರೋಮೆಟ್, ಹಾಕಿ. ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ ದೂರ ಇಡಿ. ಕ್ರಾಸ್‌ಮೆಂಬರಿಗಿಂತ ಕೆಳಗೆ ಹೋಸ್ ಜೋತಾಡಬಾರದು. ಚಕ್ರಗಳನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಅಲ್ಯೂಮಿನಿಯಂ ನಟ್ಟುಗಳನ್ನು ಮೊದಲು ಕೈಯಿಂದಲೇ ತಿರುಗಿಸಿ, ಕೊನೆಗೆ ಎರಡು ಸ್ಪ್ಯಾನರ್ ಹಿಡಿದು ಬಿಗಿ ಮಾಡಿ. ಕೂಲರಿನ ಮೂತಿಗೂ ಒಂದು ಸ್ಪ್ಯಾನರ್ ಆಸರೆ ಬೇಕು, ಇಲ್ಲದಿದ್ದರೆ ಮೂತಿಯೇ ತಿರುಚಿಕೊಳ್ಳುತ್ತದೆ.

ಇಷ್ಟು ಎಚ್ಚರ ಯಾಕೆ ಅಂದರೆ, ಈ ಹೋಸ್‌ಗಳಲ್ಲಿ ಓಡುವುದು ಪಂಪಿನ ಪೂರ್ತಿ ಪ್ರೆಶರ್. ಒಂದು ಕಳಚಿದರೆ ಸಂಪ್ (ಇಂಜಿನ್ ಅಡಿಯ ಆಯಿಲ್ ತೊಟ್ಟಿ) ಖಾಲಿಯಾಗಲು ಒಂದು ನಿಮಿಷವೂ ಬೇಡ. ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದರೆ ಬೆಂಕಿ.

ಮೊದಲ ಸ್ಟಾರ್ಟ್

ಎಎನ್ 10 ಹೋಸ್ ಒಂದು ಮೀಟರಿಗೆ ಸುಮಾರು 0.15 ಲೀಟರ್ ಆಯಿಲ್ ಹಿಡಿಯುತ್ತದೆ. ನಾಲ್ಕು ಮೀಟರಿಗೇ ಅರ್ಧ ಲೀಟರ್ ದಾಟಿತು. ಕೂಲರಿನ ಪಾಲು ಬೇರೆ. ಫಿಲ್ಟರಿನ ಬಾಯಿ ಮೇಲಿರುವುದರಿಂದ ಅದನ್ನು ತುಂಬಿಸಿಯೇ ಹಾಕಿ. ರಬ್ಬರ್ ಮುಟ್ಟಿದ ಮೇಲೆ ಕೈಯಿಂದ ಮುಕ್ಕಾಲು ಸುತ್ತು ಸಾಕು. ಕೂಲರಿಗೂ ಆಯಿಲ್ ತುಂಬಿ, ಬಗ್ಗಿಸಿದ್ದರ ಬದಲು ಇಂಜಿನ್‌ಗೂ ಆಯಿಲ್ ಹಾಕಿ.

ಇಂಜಿನ್ ಸ್ಟಾರ್ಟ್ ಆಗದಿರಲಿ ಎಂದು ಫ್ಯೂಯಲ್ ಪಂಪಿನ ಫ್ಯೂಸ್ ತೆಗೆಯಿರಿ. ಹತ್ತು ಸೆಕೆಂಡಿನಂತೆ ಬಿಟ್ಟು ಬಿಟ್ಟು ಸ್ಟಾರ್ಟರ್ ತಿರುಗಿಸಿ, ಗೇಜಿನಲ್ಲಿ ಪ್ರೆಶರ್ ಬರುವವರೆಗೆ ಅಥವಾ ಆಯಿಲ್ ದೀಪ ಆರುವವರೆಗೆ. ಬರಲೇ ಇಲ್ಲ ಅಂದರೆ ಸ್ಟಾರ್ಟ್ ಮಾಡುವ ಆಸೆ ಬಿಟ್ಟು, ಮತ್ತೆ ನಿಮ್ಮ ಹಾಳೆ ತೆಗೆದು ದಾರಿ ನೋಡಿ. ಬಂದಮೇಲೆ ಫ್ಯೂಸ್ ಹಾಕಿ ಸ್ಟಾರ್ಟ್ ಮಾಡಿ. ಆಕ್ಸಿಲರೇಟರ್ ಒತ್ತಬೇಡಿ. ಒಬ್ಬರು ಒಳಗೆ ಕೀ ಹಿಡಿದು ಕೂತಿರಲಿ, ಇನ್ನೊಬ್ಬರು ಟಾರ್ಚ್ ಹಿಡಿದು ಪ್ರತಿ ಜಾಯಿಂಟ್ ನೋಡಲಿ. ಹನಿ ಕಂಡರೆ ತಕ್ಷಣ ಆಫ್. ಓಡುವ ಇಂಜಿನ್‌ನಲ್ಲಿ ಬಿಗಿ ಮಾಡಲು ಹೋಗಬೇಡಿ. ಎರಡು ನಿಮಿಷ ಓಡಿಸಿ, ನಿಲ್ಲಿಸಿ, ಡಿಪ್‌ಸ್ಟಿಕ್ ನೋಡಿ ಆಯಿಲ್ ತುಂಬಿ.

ಆಮೇಲೆ ಆಯಿಲ್ ಪೂರ್ತಿ ಕಾಯುವಷ್ಟು ಓಡಿಸಿ. ಥರ್ಮೋಸ್ಟ್ಯಾಟ್ ತೆರೆದರೆ ಕೂಲರ್ ಬಿಸಿಯಾಗಿರುತ್ತದೆ, ಹತ್ತಿರ ಕೈ ಹಿಡಿದರೂ ತಿಳಿಯುತ್ತದೆ. ಮುಟ್ಟಬೇಡಿ. ಮತ್ತೊಮ್ಮೆ ಡಿಪ್‌ಸ್ಟಿಕ್ ನೋಡಿ. ನೂರು ಕಿಲೋಮೀಟರ್ ಆದಮೇಲೆ ಅಡಿಗೆ ಹೋಗಿ ಎಲ್ಲ ಜಾಯಿಂಟ್, ಎಲ್ಲ ಕ್ಲಿಪ್ ನೋಡಿ. ಬಿಳಿ ಬಟ್ಟೆಯಿಂದ ಒರೆಸಿದರೆ ಸಣ್ಣ ಸೋರಿಕೆಯೂ ಸಿಕ್ಕಿಬೀಳುತ್ತದೆ.

ಮುಂದಿನ ಸಲ ಆಯಿಲ್ ಬದಲಿಸುವಾಗ ಕೂಲರ್ ಮತ್ತು ಹೋಸ್‌ಗಳಲ್ಲಿ ಸ್ವಲ್ಪ ಹಳೆಯ ಆಯಿಲ್ ಉಳಿದೇ ಇರುತ್ತದೆ. ಡಬ್ಬಿಯ ಲೆಕ್ಕ ಬಿಟ್ಟು ಡಿಪ್‌ಸ್ಟಿಕ್ ಲೆಕ್ಕ ಹಿಡಿಯಿರಿ. ಬಾನೆಟ್ ಒಳಗೆ ಒಂದು ಚೀಟಿ ಅಂಟಿಸಿ: ಫಿಲ್ಟರ್ ನಂಬರ್, ಅದು ಈಗ ಎಲ್ಲಿದೆ, ಒಟ್ಟು ಎಷ್ಟು ಆಯಿಲ್ ಹಿಡಿಯುತ್ತದೆ. ನಾಳೆ ಬೇರೆ ಯಾರೋ ಮೆಕ್ಯಾನಿಕ್ ಹಳೆಯ ಜಾಗದಲ್ಲಿ ಫಿಲ್ಟರ್ ಹುಡುಕುತ್ತಾ ಅಡಾಪ್ಟರನ್ನೇ ಬಿಚ್ಚಲು ಹೊರಡಬಾರದಲ್ಲ.