ಶಿವಡಿ ಕೆಸರುದಂಡೆಗೆ ಹೋಗುವವರಿಗೆ
ಭಾನುವಾರ ಹಕ್ಕಿ ನೋಡಲು ಮುಂಬೈನ ಶಿವಡಿಗೆ ಹೊರಟವರು ಮೊದಲು ಭರತ-ಇಳಿತದ ಹೊತ್ತು ನೋಡಿಕೊಳ್ಳಿ. ನೀರು ಪೂರ್ತಿ ಇಳಿದಾಗ ಹಕ್ಕಿಗಳೆಲ್ಲ ದೂರದ ಕೆಸರಿನಲ್ಲಿ ಬರೀ ಚುಕ್ಕಿ. ಭರತಕ್ಕೆ ಎರಡು-ಮೂರು ಗಂಟೆ ಮುಂಚೆ ಹೋದರೆ ಏರುವ ನೀರೇ ಅವನ್ನು ಜೆಟ್ಟಿಯ ಹತ್ತಿರಕ್ಕೆ ತಳ್ಳಿಕೊಂಡು ಬರುತ್ತದೆ. ದಂಡೆ ಪೂರ್ವಕ್ಕಿದೆ, ಬೆಳಿಗ್ಗೆ ಬಿಸಿಲು ಕಣ್ಣಿಗೇ ಹೊಡೆಯುತ್ತದೆ. ಮಧ್ಯಾಹ್ನದ ಭರತ ಸಿಕ್ಕರೆ ಬಿಡಬೇಡಿ.

ಅಲ್ಲಿ ಟೆರೆಕ್ ಸ್ಯಾಂಡ್‌ಪೈಪರ್ ಎಂಬ ಕೆಸರುದಂಡೆಯ ಹಕ್ಕಿ ಕಂಡಿದೆ ಅಂತ ಸುದ್ದಿಯಿದೆಯಲ್ಲ, ಅದನ್ನು ಹುಡುಕುವವರು ಕೊಕ್ಕು ನೋಡಿ: ಉದ್ದ, ಮೇಲಕ್ಕೆ ಬಾಗಿದ್ದು. ಕಾಲು ಗಿಡ್ಡ, ಕಿತ್ತಳೆ-ಹಳದಿ. ಬೇರೆ ಕೆಸರುಹಕ್ಕಿಗಳ ಜತೆ ಗೊಂದಲ ಬೇಡ: ರೆಡ್‌ಶ್ಯಾಂಕ್‌ನ ಕಾಲು ಕಿತ್ತಳೆ-ಕೆಂಪು, ಆದರೆ ಕೊಕ್ಕು ನೇರ. ಗಾಡ್‌ವಿಟ್‌ಗೆ ಕಾಲು ಬಲು ಉದ್ದ. ನನಗಂತೂ ಟೆರೆಕ್‌ನ ಓಟವೇ ಗುರುತು, ತಲೆ ತಗ್ಗಿಸಿ ಏಡಿಯ ಹಿಂದೆ ದಡಬಡ ಓಡುತ್ತದೆ! ಫೋಟೊ ಹಾಕುವುದಾದರೆ ಕೊಕ್ಕು ಪಕ್ಕದಿಂದ ಕಾಣುವಂಥದ್ದು ಹಾಕಿ. ಕೆಸರಿಗೆ ಮಾತ್ರ ಇಳಿಯಬೇಡಿ, ಮೊಣಕಾಲುದ್ದ ಹೂತುಹೋಗುತ್ತದೆ.