20 ನಿಮಿಷದ ಲೆಕ್ಕ ಮತ್ತು ಮೆಜೆಸ್ಟಿಕ್ ಬಸ್ಸು

ಹಾಸನದ ಕಾಲೇಜೊಂದರಲ್ಲಿ ಮೈಕ್ರೋಬಯಾಲಜಿ ಹೇಳಿಕೊಡುತ್ತೇನೆ. ಒಳ್ಳೆಯ ಊಟ ಸಿಕ್ಕರೆ ಇ. ಕೋಲೈ ಎಂಬ ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ ಅಂತ ಒಂದು ವಾರ ಹೇಳುತ್ತಿದ್ದೆ. ಅದರ 46 ಲಕ್ಷ ಅಕ್ಷರಗಳ ಡಿಎನ್‌ಎ ನಕಲಾಗಲು 40 ನಿಮಿಷ ಬೇಕು ಅಂತ ಇನ್ನೊಂದು ವಾರ. ಒಂದು ವರ್ಷ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎರಡನ್ನೂ ಕೂಡಿಸಿ ಕೇಳಿಬಿಟ್ಟಳು: "ಮೇಡಂ, ಹಂಗಾದ್ರೆ ಮಗಳು ಕೋಶಕ್ಕೆ ಅರ್ಧ ಡಿಎನ್‌ಎ ಹೋಗಲ್ವಾ?"

ಇದಕ್ಕೆ 1968ರಲ್ಲೇ ವಿಜ್ಞಾನಿಗಳಾದ ಕೂಪರ್ ಮತ್ತು ಹೆಲ್ಮ್‌ಸ್ಟೆಟರ್ ಉತ್ತರ ಕೊಟ್ಟಿದ್ದಾರೆ. ಬೋರ್ಡಿನ ಮೇಲೆ ಬರೆದೆ, ಯಾರಿಗೂ ತಲೆಗೆ ಹತ್ತಲಿಲ್ಲ. ಕೊನೆಗೆ ಬಸ್ ಸ್ಟ್ಯಾಂಡ್ ನೆನಪಾಯಿತು. ಇಲ್ಲಿಂದ ಮೆಜೆಸ್ಟಿಕ್‌ಗೆ ಸುಮಾರು ನಾಲ್ಕು ಗಂಟೆ. ಅರ್ಧ ಗಂಟೆಗೊಂದು ಬಸ್ ಬಿಟ್ಟರೆ ಅಲ್ಲೂ ಅರ್ಧ ಗಂಟೆಗೊಂದು ಸೇರುತ್ತದೆ. ಡ್ರೈವರ್ ಜೋರಾಗಿ ಓಡಿಸಬೇಕಾಗಿಲ್ಲ, ಮುಂದಿನದು ಹೋಗಿ ಸೇರುವ ಮೊದಲೇ ಹಿಂದಿನದು ಹೊರಟಿರುತ್ತದೆ, ಅಷ್ಟೆ. ಕೋಶವೂ ಹಾಗೇ. ಒಂದು ನಕಲು ನಡೆಯುತ್ತಿರುವಾಗಲೇ ಇನ್ನೊಂದು ಶುರು. ನಕಲಾದ ಮೇಲೆ ಕೋಶ ಎರಡಾಗಿ ಒಡೆಯಲು ಇನ್ನೂ 20 ನಿಮಿಷ ಬೇಕು. ಒಟ್ಟು 60. ಅಂದರೆ ಈಗ ಒಡೆಯುತ್ತಿರುವ ಕೋಶದ ನಕಲು ಶುರುವಾಗಿದ್ದು ಅಜ್ಜಿಯ ಕಾಲದಲ್ಲಿ! ಹೊರಡಲು ಸೀಟಿ ಊದುವುದು ಡಿಎನ್‌ಎ-ಎ ಎಂಬ ಪ್ರೋಟೀನು. ಕೋಶ ಒಂದು ಮಟ್ಟಕ್ಕೆ ದಪ್ಪವಾಗುವವರೆಗೂ ಅದು ಊದುವುದಿಲ್ಲ.

ಹುಡುಗರಿಗೆ ಕಣ್ಣಾರೆ ತೋರಿಸಬೇಕಲ್ಲ. ಲ್ಯಾಬಿನ ನಿರಪಾಯದ ಕೆ-12 ತಳಿಯನ್ನು ಒಂದು ಫ್ಲಾಸ್ಕಿನಲ್ಲಿ ಎಲ್‌ಬಿ ಎಂಬ ಪೌಷ್ಟಿಕ ಸಾರು, ಇನ್ನೊಂದರಲ್ಲಿ ಬರೀ ಗ್ಲುಕೋಸ್ ಮತ್ತು ಲವಣ ಕೊಟ್ಟು ಬೆಳೆಸಿದೆ. ಮೊದಲ ಸಲ ಪೆದ್ದುತನ ಮಾಡಿದ್ದೆ. ರಾತ್ರಿಯಿಡೀ ಬೆಳೆದದ್ದನ್ನೇ ಸ್ಲೈಡಿಗೆ ಹಾಕಿದೆ. ಎರಡರಲ್ಲೂ ಅದೇ ಪುಟ್ಟ ಕೋಶಗಳು. ಊಟ ಮುಗಿದ ಮೇಲೆ ಎಲ್ಲವೂ ಚಿಕ್ಕದಾಗುತ್ತವೆ. ಈಗ ಬೆಳಿಗ್ಗೆ ಹೊಸದಾಗಿ ಹಾಕಿ, ಒ.ಡಿ. (ಸಾರು ಎಷ್ಟು ಮಬ್ಬಾಗಿದೆ ಎಂಬ ಅಳತೆ) 0.3 ಮುಟ್ಟಿದಾಗ ತೆಗೆಯುತ್ತೇನೆ. ಕ್ರಿಸ್ಟಲ್ ವಯಲೆಟ್ ಬಣ್ಣ, ಎಣ್ಣೆ ಹಾಕಿ ನೋಡುವ ನೂರರ ಲೆನ್ಸು. ಎಲ್‌ಬಿಯವು ಉದ್ದ, ದಪ್ಪ. ಗ್ಲುಕೋಸಿನವು ಸಣ್ಣ ಕಡ್ಡಿ. ನಕಲಿನ ಮೇಲೆ ನಕಲು ಹೊತ್ತವು ದಪ್ಪಗಿರದೆ ಇನ್ನೇನು?

ಆಮೇಲೆ ಸ್ವಲ್ಪ ತುಂಟತನ. ಎಲ್‌ಬಿಗೆ ಮಿಲಿಲೀಟರಿಗೆ 20 ಮೈಕ್ರೋಗ್ರಾಂನಂತೆ ಸೆಫಲೆಕ್ಸಿನ್ ಎಂಬ ಆಂಟಿಬಯೋಟಿಕ್ ಹಾಕಿದೆ. ಅದು ನಡುವಿನ ಗೋಡೆ ಕಟ್ಟುವುದನ್ನು ತಡೆಯುತ್ತದೆ, ಡಿಎನ್‌ಎ ನಕಲನ್ನಲ್ಲ. ಒಂದೂವರೆ ಗಂಟೆ ಬಿಟ್ಟು ನೋಡಿದರೆ ಸ್ಲೈಡ್ ತುಂಬ ಶಾವಿಗೆ! ಅದೇ ಹುಡುಗಿ ಲೆನ್ಸಿನಿಂದ ಕಣ್ಣು ತೆಗೆಯದೆ, "ಇದರೊಳಗೆ ಎಷ್ಟು ಪ್ರತಿ ಇರಬಹುದು ಮೇಡಂ?" ಅಂದಳು. ಡಿಎನ್‌ಎ ಹೊಳೆಯುವಂತೆ ತೋರಿಸುವ ಮೈಕ್ರೋಸ್ಕೋಪು ನಮ್ಮಲ್ಲಿಲ್ಲ. "ಒಂದು ಕೋಶದ ಉದ್ದ ಗೊತ್ತಲ್ಲ, ಶಾವಿಗೆ ಅಳೆದು ಭಾಗಿಸು" ಅಂತ ಸ್ಕೇಲಿನ ಐಪೀಸ್ ಕೈಗೆ ಕೊಟ್ಟೆ.