ಸುಂಕ, ನಿರ್ಬಂಧ, ರಕ್ಷಣಾ ಒಪ್ಪಂದ: ಸುದ್ದಿಯ ಹಿಂದಿನ ದಾಖಲೆಯನ್ನು ಓದುವ ಕ್ರಮ

ಒಂದು ದೇಶ ಇನ್ನೊಂದರ ಸರಕಿನ ಮೇಲೆ ಸುಂಕ ಹೇರಿತು, ಖನಿಜದ ರಫ್ತು ನಿಲ್ಲಿಸಿತು, ಬ್ಯಾಂಕುಗಳ ಮೇಲೆ ನಿರ್ಬಂಧ ವಿಧಿಸಿತು ಎಂಬ ಸುದ್ದಿಯನ್ನು ಓದುವಾಗ ಮೊದಲು ಕೇಳಿಕೊಳ್ಳಬೇಕಾದದ್ದು ಒಂದೇ ಪ್ರಶ್ನೆ: ಇದು ನಾಯಕರ ಹೇಳಿಕೆಯೋ, ಸಹಿ ಬಿದ್ದ ಆದೇಶವೋ? ಇವೆರಡರ ನಡುವಿನ ಅಂತರ ಎಷ್ಟಿರಬಹುದು ಎಂಬುದನ್ನು 2025ರ ಏಪ್ರಿಲ್ ತೋರಿಸಿಕೊಟ್ಟಿತು. ಏಪ್ರಿಲ್ 2ರಂದು ಅಮೆರಿಕ ಹತ್ತಾರು ದೇಶಗಳಿಗೆ ಪ್ರತ್ಯೇಕ ಸುಂಕದರಗಳನ್ನು ಪ್ರಕಟಿಸಿತು. ಏಪ್ರಿಲ್ 9ರಂದು ಅವು ಜಾರಿಗೆ ಬಂದ ದಿನವೇ, ಹೆಚ್ಚಿನ ದೇಶಗಳ ಮಟ್ಟಿಗೆ 90 ದಿನಗಳ ತಡೆ ಘೋಷಣೆಯಾಗಿ ಶೇ. 10ರ ಮೂಲದರ ಮಾತ್ರ ಉಳಿಯಿತು. ಚೀನಾದ ಮೇಲಿನ ಹೊಸ ಸುಂಕ ಕೆಲವೇ ದಿನಗಳಲ್ಲಿ ಶೇ. 145ಕ್ಕೆ ಏರಿ, ಮೇ ತಿಂಗಳ ಜಿನೀವಾ ಮಾತುಕತೆಯ ನಂತರ ಶೇ. 30ಕ್ಕೆ ಇಳಿಯಿತು. ಆದ್ದರಿಂದ ಇಂತಹ ಸುದ್ದಿಯನ್ನು ಗಮನಿಸುವವರು ಘೋಷಣೆಯಾದ ದಿನ, ಜಾರಿಗೆ ಬರುವ ದಿನ ಮತ್ತು ಅವಧಿ ಮುಗಿಯುವ ದಿನ ಎಂಬ ಮೂರನ್ನೂ ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳಬೇಕು. ಮೂರನೆಯ ದಿನಾಂಕವನ್ನು ವರದಿಗಳು ಬಹಳ ಸಲ ಬಿಟ್ಟುಬಿಡುತ್ತವೆ. ನನ್ನ ದೃಷ್ಟಿಯಲ್ಲಿ ಮುಖ್ಯವಾದದ್ದು ಅದೇ.

ಅನಂತರ, ಆದೇಶ ಯಾವ ಕಾನೂನಿನ ಅಧಿಕಾರದಿಂದ ಹೊರಟಿದೆ ಎಂಬುದನ್ನು ನೋಡಬೇಕು. ಅಮೆರಿಕದಲ್ಲಿ 1962ರ ಕಾನೂನಿನ 232ನೇ ಕಲಂ ರಾಷ್ಟ್ರೀಯ ಭದ್ರತೆಯ ಕಾರಣಕ್ಕೆ ಸುಂಕ ಹಾಕಲು ಅವಕಾಶ ನೀಡುತ್ತದೆ, ಆದರೆ ಅದಕ್ಕೆ ಮೊದಲು ವಾಣಿಜ್ಯ ಇಲಾಖೆಯ ತನಿಖೆ ನಡೆಯಬೇಕು. 1974ರ ಕಾನೂನಿನ 301ನೇ ಕಲಂ ಇತರ ದೇಶಗಳ ಅನ್ಯಾಯದ ವ್ಯಾಪಾರ ಪದ್ಧತಿಗಳಿಗೆ ಸಂಬಂಧಿಸಿದ್ದು. 1977ರ ತುರ್ತು ಅಧಿಕಾರಗಳ ಕಾನೂನಿಗೆ ತನಿಖೆಯ ಹಂತವೇ ಇಲ್ಲ. ಹಾಗಾಗಿ 2025ರಲ್ಲಿ ಸುಂಕ ಹೇರಲು ಅದು ವೇಗದ ದಾರಿಯಾಗಿತ್ತು, ಅಷ್ಟೇ ಅಸ್ಥಿರವಾದ ದಾರಿಯೂ ಆಗಿತ್ತು. ಆ ಕಾನೂನಿನಡಿ ಹೇರಿದ ಸುಂಕಗಳನ್ನು ಅಮೆರಿಕದ ಅಂತರರಾಷ್ಟ್ರೀಯ ವ್ಯಾಪಾರ ನ್ಯಾಯಾಲಯ 2025ರ ಮೇ ತಿಂಗಳಲ್ಲೇ ಅಕ್ರಮವೆಂದು ತೀರ್ಮಾನಿಸಿತು. ಉಕ್ಕು ಮತ್ತು ಅಲ್ಯೂಮಿನಿಯಂ ಮೇಲೆ 232ನೇ ಕಲಮಿನಡಿ ಇದ್ದ ಸುಂಕಗಳಿಗೆ ಆ ತೀರ್ಪು ತಾಗಲಿಲ್ಲ. ಒಂದೇ ಸರ್ಕಾರ ಒಂದೇ ವರ್ಷದಲ್ಲಿ ಹಾಕಿದ ಎರಡು ಸುಂಕಗಳ ಆಯಸ್ಸು ಬೇರೆ ಬೇರೆಯಾಗುವುದು ಹೀಗೆ.

ಐರೋಪ್ಯ ಒಕ್ಕೂಟದ ವಿಷಯದಲ್ಲಿ ನೋಡಬೇಕಾದದ್ದು ಸದಸ್ಯ ರಾಷ್ಟ್ರಗಳ ಒಮ್ಮತ. ರಷ್ಯಾದ ಮೇಲಿನ ಅದರ ಆರ್ಥಿಕ ನಿರ್ಬಂಧಗಳನ್ನು ಆರು ತಿಂಗಳಿಗೊಮ್ಮೆ ನವೀಕರಿಸುತ್ತ ಬರಲಾಗಿದೆ, ಮತ್ತು ಪ್ರತಿ ಸಲವೂ ಒಂದೇ ಒಂದು ಸದಸ್ಯ ರಾಷ್ಟ್ರದ ಅಸಮ್ಮತಿ ಅದನ್ನು ತಡೆಯಬಲ್ಲದು. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ನಿರ್ಣಯಕ್ಕೆ 15ರಲ್ಲಿ 9 ಮತಗಳು ಬೇಕು, ಐದು ಕಾಯಂ ಸದಸ್ಯರಲ್ಲಿ ಯಾರೂ ವಿಟೊ ಚಲಾಯಿಸಿರಬಾರದು. ನಿರ್ಬಂಧ ಹೇರುವುದು ಒಂದು, ಅದರ ಮೇಲೆ ಕಣ್ಣಿಡುವುದು ಇನ್ನೊಂದು ಎಂಬುದನ್ನೂ ಇಲ್ಲಿ ನೆನಪಿಡಬೇಕು. ಉತ್ತರ ಕೊರಿಯಾದ ಮೇಲೆ 2006ರಿಂದ ವಿಧಿಸಿದ ನಿರ್ಬಂಧಗಳು ಈಗಲೂ ಇವೆ. ಆದರೆ ಅವುಗಳ ಉಲ್ಲಂಘನೆಯನ್ನು ವರದಿ ಮಾಡುತ್ತಿದ್ದ ತಜ್ಞರ ಸಮಿತಿಯ ಅವಧಿ ವಿಸ್ತರಣೆಗೆ 2024ರ ಮಾರ್ಚ್‌ನಲ್ಲಿ ರಷ್ಯಾ ವಿಟೊ ಹಾಕಿದ್ದರಿಂದ ಆ ಸಮಿತಿ ಕೊನೆಗೊಂಡಿತು. ನಿರ್ಬಂಧ ಮುಂದುವರಿದಿದೆ ಎಂಬ ವಾಕ್ಯ ಸತ್ಯವೇ ಆದರೂ, ಅದು ಮುಚ್ಚಿಡುವ ಸಂಗತಿ ಬಹಳ ದೊಡ್ಡದು.

ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಗೆಲುವು ಎಂಬ ಶೀರ್ಷಿಕೆಯನ್ನು ಇನ್ನೂ ಎಚ್ಚರದಿಂದ ಓದಬೇಕು. ಆ ಸಂಸ್ಥೆಯ ಮೇಲ್ಮನವಿ ಪೀಠಕ್ಕೆ ಹೊಸ ಸದಸ್ಯರ ನೇಮಕವನ್ನು ಅಮೆರಿಕ ತಡೆಹಿಡಿದ ಕಾರಣ 2019ರ ಡಿಸೆಂಬರ್‌ನಿಂದ ಅದು ಕೆಲಸ ಮಾಡುತ್ತಿಲ್ಲ. ಸೋತ ದೇಶ ಮೇಲ್ಮನವಿ ಸಲ್ಲಿಸಿದರೆ ಅದನ್ನು ಆಲಿಸುವವರೇ ಇಲ್ಲ. ಪ್ರಕರಣ ಅಲ್ಲಿಗೇ ನಿಲ್ಲುತ್ತದೆ, ತೀರ್ಪು ಕಡ್ಡಾಯವಾಗುವುದಿಲ್ಲ. ಭದ್ರತೆಯ ನೆಪವೊಡ್ಡಿದ ವಿವಾದಗಳಲ್ಲಿ ಇದರ ಪರಿಣಾಮ ತೀವ್ರವಾಗಿದೆ. ಸುಂಕ ಮತ್ತು ವ್ಯಾಪಾರ ಕುರಿತ ಸಾಮಾನ್ಯ ಒಪ್ಪಂದವಾದ ಗ್ಯಾಟ್‌ನ 21ನೇ ವಿಧಿ ದೇಶಗಳಿಗೆ ಭದ್ರತಾ ವಿನಾಯಿತಿ ಕೊಡುತ್ತದೆ. ಅದರ ಬಳಕೆಯನ್ನು ತಾನು ಪರಿಶೀಲಿಸಬಹುದು ಎಂದು ರಷ್ಯಾ ಮತ್ತು ಉಕ್ರೇನ್ ನಡುವಿನ ಸರಕು ಸಾಗಣೆ ವಿವಾದದಲ್ಲಿ 2019ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಪರಿಶೀಲನಾ ಮಂಡಳಿಯೊಂದು ಮೊದಲ ಬಾರಿಗೆ ಹೇಳಿತು. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಉಕ್ಕು ಮತ್ತು ಅಲ್ಯೂಮಿನಿಯಂ ಸುಂಕಗಳಿಗೆ ಆ ವಿನಾಯಿತಿ ಅನ್ವಯಿಸುವುದಿಲ್ಲ ಎಂಬ ತೀರ್ಮಾನ ಬಂದಾಗ ಅಮೆರಿಕ ಅದನ್ನು ಒಪ್ಪದೆ ಮೇಲ್ಮನವಿಗೆ ಹೋಯಿತು. ಸಣ್ಣ ದೇಶಗಳಿಗೆ ಬಲವಂತರ ಎದುರು ಇದ್ದ ಕೆಲವೇ ರಕ್ಷಣೆಗಳಲ್ಲಿ ಒಂದು ಹೀಗೆ ನಿಷ್ಕ್ರಿಯವಾಗಿರುವುದು ಕಳವಳದ ಸಂಗತಿ, ಮತ್ತು ಅದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಸುಂಕವನ್ನು ಯಾರು ಕಟ್ಟುತ್ತಾರೆ ಎಂಬ ಗೊಂದಲ ಪದೇಪದೇ ಏಳುತ್ತದೆ. ಕಸ್ಟಮ್ಸ್‌ಗೆ ಹಣ ಕಟ್ಟುವವನು ಆಮದುದಾರ. ಆ ಹೊರೆಯಲ್ಲಿ ಎಷ್ಟು ಭಾಗ ಗ್ರಾಹಕನಿಗೆ, ಎಷ್ಟು ಭಾಗ ದರ ಇಳಿಸುವ ವಿದೇಶಿ ಮಾರಾಟಗಾರನಿಗೆ ಎಂಬುದು ಸರಕಿನಿಂದ ಸರಕಿಗೆ ಬದಲಾಗುತ್ತದೆ.

ನಿರ್ಬಂಧದ ಸುದ್ದಿಯಲ್ಲಿ ಹುಡುಕಬೇಕಾದದ್ದು ಅದರ ಹಿಡಿತ ಎಲ್ಲಿದೆ ಎಂಬುದನ್ನು. ರಷ್ಯಾದ ಕಚ್ಚಾ ತೈಲಕ್ಕೆ ಏಳು ಶ್ರೀಮಂತ ದೇಶಗಳ ಕೂಟವಾದ ಜಿ7, ಐರೋಪ್ಯ ಒಕ್ಕೂಟ ಮತ್ತು ಆಸ್ಟ್ರೇಲಿಯಾ 2022ರ ಡಿಸೆಂಬರ್ 5ರಿಂದ ಬ್ಯಾರೆಲ್‌ಗೆ 60 ಡಾಲರ್ ಮಿತಿ ಹಾಕಿದವು. ಇತರ ದೇಶಗಳು ಕೊಳ್ಳುವುದನ್ನು ಆ ನಿಯಮ ನೇರವಾಗಿ ನಿಷೇಧಿಸಲಿಲ್ಲ. ಮಿತಿಗಿಂತ ಹೆಚ್ಚು ಬೆಲೆಗೆ ಮಾರಿದ ತೈಲಕ್ಕೆ ಈ ದೇಶಗಳ ಕಂಪನಿಗಳು ಹಡಗು, ವಿಮೆ, ಹಣಕಾಸಿನ ಸೇವೆ ಕೊಡಬಾರದು ಎಂದಿತು. ಜಗತ್ತಿನ ಸಮುದ್ರ ಸಾಗಣೆಯ ಬಹುಪಾಲು ಹಡಗುಗಳಿಗೆ ಹೊಣೆಗಾರಿಕೆ ವಿಮೆ ಒದಗಿಸುವ ಸಂಘಗಳಲ್ಲಿ ಹೆಚ್ಚಿನವು ಈ ದೇಶಗಳಲ್ಲೇ ಇರುವುದು ಆ ನಿಯಮದ ಬಲವಾಗಿತ್ತು. ಅದರ ದೌರ್ಬಲ್ಯವೂ ಅಲ್ಲಿಯೇ ಇತ್ತು: ಹಳೆಯ ಟ್ಯಾಂಕರುಗಳನ್ನು ಕೊಂಡು, ಬೇರೆ ಧ್ವಜ ಮತ್ತು ಬೇರೆ ವಿಮೆಯ ಆಸರೆಯಲ್ಲಿ ಓಡಿಸುವ ಒಂದು ಸಮಾನಾಂತರ ಹಡಗು ಸಮೂಹವೇ ಬೆಳೆಯಿತು. ಆದ್ದರಿಂದ ಹೊಸ ನಿರ್ಬಂಧದ ಪಟ್ಟಿ ಬಂದಾಗ ಅದರಲ್ಲಿ ವ್ಯಕ್ತಿಗಳ ಹೆಸರು ಎಷ್ಟಿವೆ ಎನ್ನುವುದಕ್ಕಿಂತ ಹಡಗುಗಳು, ಬಂದರುಗಳು, ಮೂರನೆಯ ದೇಶದ ಬ್ಯಾಂಕುಗಳು ಇವೆಯೇ ಎಂಬುದನ್ನು ನೋಡಿ.

ರಫ್ತು ನಿಯಂತ್ರಣದಲ್ಲಿ ಪರವಾನಗಿಯ ಕಟ್ಟುಪಾಡಿಗೂ ಪೂರ್ಣ ನಿಷೇಧಕ್ಕೂ ಇರುವ ವ್ಯತ್ಯಾಸವನ್ನು ಬಿಡಬಾರದು. ಚೀನಾ 2023ರ ಆಗಸ್ಟ್ 1ರಿಂದ ಚಿಪ್ ತಯಾರಿಕೆಯಲ್ಲಿ ಬಳಸುವ ಗ್ಯಾಲಿಯಂ ಮತ್ತು ಜರ್ಮೇನಿಯಂ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಅಮೆರಿಕಕ್ಕೆ ರಫ್ತು ನಿಷೇಧ ಬಂದದ್ದು 2024ರ ಡಿಸೆಂಬರ್‌ನಲ್ಲಿ. 2025ರ ನವೆಂಬರ್‌ನಲ್ಲಿ ಆ ನಿಷೇಧವನ್ನು ತಾತ್ಕಾಲಿಕವಾಗಿ ಅಮಾನತಿನಲ್ಲಿಡಲಾಯಿತು. ಪರವಾನಗಿ ವ್ಯವಸ್ಥೆ ಮಾತ್ರ ಹಾಗೆಯೇ ಉಳಿಯಿತು. ಬದಲಿ ಮೂಲ ಎಷ್ಟು ಬೇಗ ಸಿಗಬಲ್ಲದು ಎಂಬುದನ್ನೂ ವಿಚಾರಿಸಬೇಕು. ಗ್ಯಾಲಿಯಂ ಮುಖ್ಯವಾಗಿ ಬಾಕ್ಸೈಟ್‌ನಿಂದ ಅಲ್ಯೂಮಿನಾ ತಯಾರಿಸುವಾಗ ಸಿಗುವ ಉಪೋತ್ಪನ್ನ. ಅದಕ್ಕಾಗಿಯೇ ಹೊಸ ಗಣಿ ತೆರೆದರೆ ಸಾಲದು, ಅಲ್ಯೂಮಿನಾ ಕಾರ್ಖಾನೆಗಳಲ್ಲಿ ಅದನ್ನು ಬೇರ್ಪಡಿಸುವ ಘಟಕಗಳು ಬೇಕು.

ರಕ್ಷಣಾ ಒಪ್ಪಂದಗಳ ಸುದ್ದಿಗೆ ವಿಧಿಗಳ ಮೂಲಪಾಠವನ್ನೇ ತೆರೆದು ನೋಡುವುದು ಒಳ್ಳೆಯದು, ಏಕೆಂದರೆ ಅವು ಸಾಮಾನ್ಯವಾಗಿ ಚಿಕ್ಕವು. ನ್ಯಾಟೋದ 5ನೇ ವಿಧಿ ಒಬ್ಬರ ಮೇಲಿನ ದಾಳಿಯನ್ನು ಎಲ್ಲರ ಮೇಲಿನ ದಾಳಿ ಎಂದು ಪರಿಗಣಿಸುತ್ತದೆ, ಆದರೆ ಪ್ರತಿ ಸದಸ್ಯ ರಾಷ್ಟ್ರವೂ ತಾನು ಅಗತ್ಯವೆಂದು ಭಾವಿಸಿದ ಕ್ರಮ ಕೈಗೊಳ್ಳಬೇಕೆಂದಷ್ಟೇ ಹೇಳುತ್ತದೆ. ಸೇನೆ ಕಳಿಸಲೇಬೇಕೆಂಬ ಷರತ್ತು ಅದರಲ್ಲಿಲ್ಲ. 1994ರ ಬುಡಾಪೆಸ್ಟ್ ದಾಖಲೆಯಲ್ಲಿ ರಷ್ಯಾ, ಅಮೆರಿಕ ಮತ್ತು ಬ್ರಿಟನ್ ಉಕ್ರೇನಿನ ಗಡಿಗಳನ್ನು ಗೌರವಿಸುವುದಾಗಿ ಒಪ್ಪಿದ್ದವು. ಆ ಮಾತನ್ನು ಮುರಿದವರ ವಿರುದ್ಧ ಉಳಿದವರು ಸೇನಾ ನೆರವು ನೀಡಬೇಕೆಂಬ ಹೊಣೆ ಅದರಲ್ಲಿ ಇರಲಿಲ್ಲ. ಉಕ್ರೇನ್ ತನ್ನ ನೆಲದಲ್ಲಿದ್ದ ಅಣ್ವಸ್ತ್ರಗಳನ್ನು ಬಿಟ್ಟುಕೊಟ್ಟದ್ದು ಆ ದಾಖಲೆಯನ್ನು ನಂಬಿ ಎಂಬುದನ್ನು ನೆನೆದರೆ, ಪ್ರತಿ ಷರತ್ತನ್ನೂ ಓದುವ ಶ್ರಮ ಏಕೆ ಬೇಕೆಂಬುದು ತಿಳಿಯುತ್ತದೆ.

ಕಡಲ ಹಾದಿ ಮುಚ್ಚಿತು ಎಂಬ ವರದಿಯಲ್ಲಿ, ಮುಚ್ಚಿದವರು ಯಾರು ಎಂದು ಕೇಳಿ. 2023ರ ನವೆಂಬರ್‌ನಿಂದ ಯೆಮನ್‌ನ ಸಶಸ್ತ್ರ ಗುಂಪಾದ ಹೌತಿಗಳು ಕೆಂಪು ಸಮುದ್ರದಲ್ಲಿ ದಾಳಿ ಆರಂಭಿಸಿದ ಮೇಲೆ, ಆ ಸಮುದ್ರದ ದಕ್ಷಿಣ ಬಾಯಿಯಾದ ಬಾಬ್ ಎಲ್ ಮಂದೇಬ್ ಜಲಸಂಧಿಯನ್ನು ಯಾವ ಸರ್ಕಾರವೂ ಮುಚ್ಚಿರಲಿಲ್ಲ. ಹಡಗು ಕಂಪನಿಗಳು ತಾವಾಗಿಯೇ ಆಫ್ರಿಕಾದ ಗುಡ್ ಹೋಪ್ ಭೂಶಿರವನ್ನು ಸುತ್ತುವ ದೀರ್ಘ ಮಾರ್ಗ ಹಿಡಿದವು. ಆದ್ದರಿಂದ ಕದನವಿರಾಮದ ಘೋಷಣೆಯಾದ ಮಾತ್ರಕ್ಕೆ ಹಡಗುಗಳು ಮರಳುವುದಿಲ್ಲ. ಯುದ್ಧಾಪಾಯದ ವಿಮಾ ದರ ಇಳಿದಿದೆಯೇ ಎಂದು ನೋಡಬೇಕು.

ಇಷ್ಟಾದ ಮೇಲೆ ಕೆಲವು ತಿಂಗಳು ಕಾದು ಅಂಕಿಅಂಶಗಳನ್ನು ತೆರೆಯಿರಿ. ವಿಶ್ವ ಕಸ್ಟಮ್ಸ್ ಸಂಸ್ಥೆಯ ಸರಕು ಸಂಕೇತಗಳಲ್ಲಿ ಮೊದಲ ಆರು ಅಂಕಿಗಳು ಅದನ್ನು ಅನುಸರಿಸುವ ಎಲ್ಲ ದೇಶಗಳಲ್ಲೂ ಒಂದೇ ಆಗಿರುವುದರಿಂದ, ಒಂದು ಸರಕಿನ ಜಾಡನ್ನು ಹಲವು ದೇಶಗಳಲ್ಲಿ ಹಿಡಿಯಬಹುದು. ವಿಶ್ವಸಂಸ್ಥೆಯ ಕಾಮ್‌ಟ್ರೇಡ್ ಎಂಬ ವ್ಯಾಪಾರ ದತ್ತಾಂಶದಲ್ಲಿ ಕಳಿಸಿದ ದೇಶದ ರಫ್ತಿನ ಲೆಕ್ಕವನ್ನೂ ಪಡೆದ ದೇಶದ ಆಮದಿನ ಲೆಕ್ಕವನ್ನೂ ಅಕ್ಕಪಕ್ಕ ಇಟ್ಟು ನೋಡಿ. ಸಾಗಣೆ ಮತ್ತು ವಿಮೆಯ ವೆಚ್ಚ ಸಾಮಾನ್ಯವಾಗಿ ಆಮದಿನ ಲೆಕ್ಕದಲ್ಲಿ ಸೇರುವುದರಿಂದ ಸ್ವಲ್ಪ ವ್ಯತ್ಯಾಸ ಸಹಜ. ನಿರ್ಬಂಧಿತ ದೇಶಕ್ಕೆ ನೇರ ರಫ್ತು ಕುಸಿದ ಅವಧಿಯಲ್ಲೇ ಅದರ ಆಸುಪಾಸಿನ ದೇಶಕ್ಕೆ ಅದೇ ಸಂಕೇತದ ಸರಕಿನ ರಫ್ತು ಹಲವು ಪಟ್ಟು ಏರಿದ್ದರೆ, ರಷ್ಯಾದ ಮೇಲಿನ ನಿರ್ಬಂಧಗಳ ಕಾಲದಲ್ಲಿ, 2022ರ ನಂತರ, ಯುರೋಪಿನಿಂದ ಕಿರ್ಗಿಸ್ತಾನಕ್ಕೆ ಹೋದ ಸರಕುಗಳಲ್ಲಿ ಆದಂತೆ, ಸರಕು ಆ ದಾರಿಯಾಗಿ ನಿರ್ಬಂಧಿತ ದೇಶಕ್ಕೇ ಸೇರುತ್ತಿರಬಹುದು; ಆ ಏರಿಕೆಯನ್ನು ತಿಂಗಳುವಾರು ಬಿಡಿಸಿ, ಆದೇಶ ಜಾರಿಗೆ ಬಂದ ದಿನಾಂಕದೊಂದಿಗೆ ಹೋಲಿಸಿ ನೋಡಿ.